ಯಾವ ಸುದ್ದಿನ ನಂಬೋದು? ಬಯಾಸ್ ಹಿಡಿಯೋದು, ಒಳ್ಳೆ ಮೂಲ ಹುಡುಕೋದು ಹೇಗೆ

ಟಿವಿ ನೋಡೋಕೆ ಆಗ್ತಿಲ್ಲ, ದೊಡ್ಡ ಪೇಪರ್‌ಗಳ ಮೇಲೂ ನಂಬಿಕೆ ಹೋಗಿದೆ, ಹಾಗಾದ್ರೆ ಸುದ್ದಿ ಎಲ್ಲಿ ಓದೋದು ಅಂತ ತುಂಬ ಜನ ಕೇಳ್ತಾರೆ. ಅದಕ್ಕೆ ಸಿಗೋ ಉತ್ತರ ಸಾಮಾನ್ಯವಾಗಿ ಒಂದು ಲಿಸ್ಟು. ಈ ಯೂಟ್ಯೂಬ್ ಚಾನೆಲ್ ನೋಡಿ, ಆ ವೆಬ್‌ಸೈಟ್ ಓದಿ, ಇವರು ಮಾತ್ರ ಸತ್ಯ ಹೇಳ್ತಾರೆ ಅಂತ. ಆ ಲಿಸ್ಟ್ ತಗೊಂಡೋರು ಇಷ್ಟು ದಿನ ಒಬ್ಬರನ್ನ ಕಣ್ಮುಚ್ಚಿ ನಂಬ್ತಿದ್ರು, ಈಗ ಇನ್ನೊಬ್ಬರನ್ನ ಕಣ್ಮುಚ್ಚಿ ನಂಬೋಕೆ ಶುರು ಮಾಡ್ತಾರೆ, ಪರಿಸ್ಥಿತಿ ಏನೂ ಬದಲಾಗಲ್ಲ. ಅದಕ್ಕೇ ನಾನು ಲಿಸ್ಟ್‌ಗಿಂತ ಮುಂಚೆ ಒಂದು ಪ್ರಶ್ನೆ ಕೊಡ್ತೀನಿ, ಯಾವ ಸುದ್ದಿ ಓದಿದ್ರೂ ಮೊದಲು ಕೇಳ್ಕೋಬೇಕಾಗಿರೋದು: ಇದು ಇವರಿಗೆ ಹೇಗೆ ಗೊತ್ತಾಯ್ತು? ಯಾವ ಪಾರ್ಟಿ ಕಡೆಯವರು, ಎಡನಾ ಬಲನಾ ಅನ್ನೋದೆಲ್ಲ ಆಮೇಲೆ.

ಈ ಪ್ರಶ್ನೆ ಯಾಕೆ ಇಷ್ಟು ಮುಖ್ಯ ಅಂತ ಗೊತ್ತಾಗೋಕೆ 2002ರ ಅಮೆರಿಕ ನೋಡಬೇಕು. ಇರಾಕ್ ಮೇಲೆ ಯುದ್ಧಕ್ಕೆ ಹೋಗೋದಕ್ಕೆ ಬುಷ್ ಸರ್ಕಾರ ತಯಾರಿ ಮಾಡ್ತಿತ್ತು. ಸೆಪ್ಟೆಂಬರ್ 8, ಭಾನುವಾರ, ನ್ಯೂಯಾರ್ಕ್ ಟೈಮ್ಸ್ ಮುಖಪುಟದಲ್ಲಿ ಸದ್ದಾಂ ಹುಸೇನ್ ಅಣುಬಾಂಬ್ ಮಾಡೋಕೆ ವಿಶೇಷ ಅಲ್ಯೂಮಿನಿಯಂ ಕೊಳವೆಗಳನ್ನ ತರಿಸ್ಕೊಳ್ಳೋಕೆ ನೋಡ್ತಿದಾನೆ ಅಂತ ಸುದ್ದಿ ಬಂತು. ಹೇಳಿದ್ದು ಯಾರು? ಹೆಸರಿಲ್ಲದ ಸರ್ಕಾರಿ ಅಧಿಕಾರಿಗಳು. ಅದೇ ದಿನ ಬೆಳಿಗ್ಗೆ ಉಪಾಧ್ಯಕ್ಷ ಡಿಕ್ ಚೇನಿ ಟಿವಿಗೆ ಬಂದು, ನೋಡಿ ಇವತ್ತಿನ ನ್ಯೂಯಾರ್ಕ್ ಟೈಮ್ಸ್‌ನಲ್ಲೇ ಬಂದಿದೆಯಲ್ಲ ಅಂತ ಅದೇ ಸುದ್ದಿನ ತೋರಿಸಿದ್ರು. ಅಂದ್ರೆ ಸರ್ಕಾರದೋರು ಪೇಪರ್‌ಗೆ ಹೇಳಿದ್ದು ಪೇಪರ್‌ನಲ್ಲಿ ಬಂತು, ಪೇಪರ್‌ನಲ್ಲಿ ಬಂದಿದ್ದನ್ನ ಸರ್ಕಾರನೇ ಪುರಾವೆ ಅಂತ ತೋರಿಸ್ತು. ಜನಕ್ಕೆ ಎರಡು ಕಡೆಯಿಂದ ಕೇಳಿದ ಹಾಗಿತ್ತು, ಮೂಲ ಮಾತ್ರ ಒಂದೇ.

ಅದೇ ಸಮಯದಲ್ಲಿ ನೈಟ್ ರಿಡರ್ ಅನ್ನೋ ಪತ್ರಿಕಾ ಕಂಪನಿಯ ವಾಷಿಂಗ್ಟನ್ ಆಫೀಸಲ್ಲಿದ್ದ ಜೊನಾಥನ್ ಲ್ಯಾಂಡೇ, ವಾರೆನ್ ಸ್ಟ್ರೋಬೆಲ್ ಅನ್ನೋ ವರದಿಗಾರರು ಈ ಪುರಾವೆಗಳ ಬಗ್ಗೆ ಸರ್ಕಾರದ ಒಳಗೇ ಅನುಮಾನ ಇದೆ ಅಂತ ಬರೀತಿದ್ರು. ಅವರೇನು ಮೂಲೆಯಲ್ಲಿದ್ದ ಬ್ಲಾಗಿನೋರಲ್ಲ, ಆ ಕಂಪನಿಗೆ ಮೂವತ್ತಕ್ಕೂ ಹೆಚ್ಚು ದಿನಪತ್ರಿಕೆಗಳಿದ್ವು, ಆದ್ರೆ ವಾಷಿಂಗ್ಟನ್‌ನಲ್ಲಾಗಲಿ ನ್ಯೂಯಾರ್ಕ್‌ನಲ್ಲಾಗಲಿ ಸ್ವಂತ ಪೇಪರ್ ಇರಲಿಲ್ಲ, ಹಾಗಾಗಿ ದೊಡ್ಡೋರು ಯಾರೂ ಅವರದ್ದನ್ನ ಅಷ್ಟಾಗಿ ಓದಲಿಲ್ಲ. ಅವರಿಗೆ ಬೇರೆ ಉತ್ತರ ಸಿಕ್ಕಿದ್ದು ಯಾಕೆ ಅಂದ್ರೆ ಮಂತ್ರಿ ಮಟ್ಟದೋರ ಹತ್ರ ನಿಲ್ಲದೆ ಕೆಳಗೆ ಕೂತು ಗುಪ್ತಚರ ಮಾಹಿತಿನ ದಿನಾ ಕೈಯಾರೆ ನೋಡೋ ಅಧಿಕಾರಿಗಳನ್ನ, ತಜ್ಞರನ್ನ ಕೇಳಿದ್ರು. ಯುದ್ಧ ಆಯ್ತು, ಹುಡುಕಿದ್ರು, ಇದೆ ಅಂತ ಸರ್ಕಾರ ಹೇಳಿದ್ದ ಸಾಮೂಹಿಕ ವಿನಾಶದ ಅಸ್ತ್ರಗಳ ದಾಸ್ತಾನು ಸಿಗಲಿಲ್ಲ. 2004ರ ಮೇ 26ಕ್ಕೆ ನ್ಯೂಯಾರ್ಕ್ ಟೈಮ್ಸ್ ತಾನೇ ಸಂಪಾದಕರ ಟಿಪ್ಪಣಿ ಹಾಕಿ ನಮ್ಮ ಕೆಲವು ವರದಿಗಳು ಇರಬೇಕಾದಷ್ಟು ಬಿಗಿಯಾಗಿರಲಿಲ್ಲ ಅಂತ ಒಪ್ಕೊಂಡ್ತು.

ಇದರಲ್ಲಿ ಎರಡು ವಿಷಯ ಇದೆ. ಒಂದು, ಹೆಸರು ದೊಡ್ಡದಿದ್ರೆ ಸಾಲದು. ಎರಡನೇದು, ಜನ ಮರೆಯೋದು ಇದನ್ನೇ, ನೈಟ್ ರಿಡರ್ ಸರಿ ಆಗಿದ್ದು "ಪರ್ಯಾಯ" ಆಗಿದ್ದಕ್ಕಲ್ಲ, ಸರಿಯಾದ ಜನರನ್ನ ಕೇಳಿದ್ದಕ್ಕೆ. ಆಲ್ಟರ್ನೇಟಿವ್ ಮೀಡಿಯಾ ಅಂತ ಬೋರ್ಡ್ ಹಾಕ್ಕೊಂಡ ಮಾತ್ರಕ್ಕೆ ಯಾರೂ ನಂಬಿಕಸ್ಥರಾಗಲ್ಲ.

ಈಗ ಬಯಾಸ್, ಅಂದ್ರೆ ಸುದ್ದಿ ಒಂದು ಕಡೆಗೆ ವಾಲೋದು, ಆ ವಿಷಯಕ್ಕೆ ಬರೋಣ. ಬಯಾಸ್ ಅಂದ ತಕ್ಷಣ ಸುಳ್ಳು ಸುದ್ದಿ ಅಂದ್ಕೋತಾರೆ, ಅದು ಬೇರೆ ಇದು ಬೇರೆ. ಒಂದೂ ಸುಳ್ಳು ಹೇಳದೆ ಓದುಗರನ್ನ ಬೇಕಾದ ಕಡೆ ತಿರುಗಿಸಬಹುದು, ಮತ್ತೆ ಹೆಚ್ಚಿನ ಸಲ ಆಗೋದೂ ಹಾಗೇ. ಒಂದು ಘಟನೆ ತಗೊಳ್ಳಿ: ಒಂದು ಕಡೆ ಪ್ರತಿಭಟನೆ ನಡೀತು, ಕಲ್ಲು ತೂರಾಟ ಆಯ್ತು, ಪೊಲೀಸರು ಗುಂಡು ಹಾರಿಸಿದ್ರು, ಮೂರು ಜನ ಸತ್ತರು. ಇದಕ್ಕೆ ಮೂರು ಹೆಡ್ಡಿಂಗ್ ನೋಡಿ.

"ಪ್ರತಿಭಟನೆ ವೇಳೆ ಘರ್ಷಣೆ: ಮೂವರ ಸಾವು"

"ಪೊಲೀಸರ ಗುಂಡಿಗೆ ಮೂವರು ಪ್ರತಿಭಟನಾಕಾರರು ಬಲಿ"

"ಪೊಲೀಸರ ಮೇಲೆ ಉದ್ರಿಕ್ತ ಗುಂಪಿನಿಂದ ಕಲ್ಲು ತೂರಾಟ, ಗೋಲಿಬಾರ್‌ಗೆ ಮೂವರ ಸಾವು"

ಮೂರರಲ್ಲೂ ಸುಳ್ಳಿಲ್ಲ. ಮೊದಲನೇದರಲ್ಲಿ ಯಾರು ಕೊಂದ್ರು ಅನ್ನೋದೇ ಇಲ್ಲ, ಸಾವು ತಾನಾಗೇ ಆದ ಹಾಗಿದೆ. ಎರಡನೇದರಲ್ಲಿ ಕಲ್ಲಿಲ್ಲ, "ಬಲಿ" ಅನ್ನೋ ಪದ ಬಂದು ಸತ್ತೋರ ಕಡೆ ಮನಸ್ಸು ಹೋಗತ್ತೆ. ಮೂರನೇದರಲ್ಲಿ ಕಲ್ಲು ಮೊದಲು ಬಂತು ಗುಂಡು ಆಮೇಲೆ ಬಂತು, ಹಾಗಾಗಿ ಗುಂಡಿಗೆ ಕಾರಣ ಸಿಕ್ಕಿಬಿಡ್ತು, ಪ್ರತಿಭಟನಾಕಾರರು ಹೋಗಿ "ಉದ್ರಿಕ್ತ ಗುಂಪು" ಆದ್ರು. ಹೆಡ್ಡಿಂಗ್ ಓದುವಾಗ ನೋಡಬೇಕಾಗಿರೋದು ಇಷ್ಟು: ಯಾರು ಮಾಡಿದ್ರು ಅಂತ ಇದೆಯಾ, ಯಾವುದು ಮೊದಲು ಬಂದಿದೆ, ಯಾವುದು ಬಿಟ್ಟುಹೋಗಿದೆ. ಇನ್ನೊಂದು, ತುಂಬ ಕಡೆ ಹೆಡ್ಡಿಂಗ್ ಕೊಡೋರು ವರದಿಗಾರರಲ್ಲ, ಡೆಸ್ಕ್‌ನಲ್ಲಿ ಕೂತಿರೋ ಉಪಸಂಪಾದಕರು. ಅದಕ್ಕೇ ಹೆಡ್ಡಿಂಗ್ ಒಂದು ಹೇಳತ್ತೆ, ಒಳಗೆ ಐದನೇ ಪ್ಯಾರಾದಲ್ಲಿ ಇನ್ನೊಂದಿರತ್ತೆ. ಪೂರ್ತಿ ಓದದೆ ಅಭಿಪ್ರಾಯ ಮಾಡ್ಕೋಬೇಡಿ.

ಹೇಳಿದರು ಅನ್ನೋ ಕಡೆ ಏನು ಹಾಕ್ತಾರೆ ಅಂತಾನೂ ಗಮನಿಸಿ. ಒಬ್ಬ ನಾಯಕ "ಸ್ಪಷ್ಟಪಡಿಸಿದರು", ಇನ್ನೊಬ್ಬ "ಸಮರ್ಥಿಸಿಕೊಂಡರು". ಒಬ್ಬರು "ಖಡಕ್ ಉತ್ತರ" ಕೊಟ್ರು, ಇನ್ನೊಬ್ಬರು "ನಾಲಿಗೆ ಹರಿಬಿಟ್ಟರು". ಇಬ್ಬರೂ ಮಾಡಿದ್ದು ಮಾತಾಡೋದೇ. ಒಂದು ವಾರ ಒಂದೇ ಪೇಪರ್ ಓದ್ತಾ ಯಾರಿಗೆ ಯಾವ ಕ್ರಿಯಾಪದ ಸಿಗತ್ತೆ ನೋಡಿ, ಅವರ ಒಲವು ಯಾವ ಕಡೆ ಅಂತ ಸಂಪಾದಕೀಯ ಓದದೇನೇ ಗೊತ್ತಾಗತ್ತೆ. "ಎನ್ನಲಾಗಿದೆ", "ಬಲ್ಲ ಮೂಲಗಳು ತಿಳಿಸಿವೆ" ಅಂತ ಬಂದ್ರೆ ಅಲ್ಲೇ ನಿಂತು ಮೊದಲ ಪ್ರಶ್ನೆಗೆ ವಾಪಸ್ ಹೋಗಿ. ಯಾರು ಅಂದ್ರು? ಹೆಸರು ಹೇಳದ ಮೂಲ ಇರೋದೇ ತಪ್ಪು ಅಂತಲ್ಲ, ಕೆಲಸ ಹೋಗತ್ತೆ ಜೀವ ಹೋಗತ್ತೆ ಅಂತ ಹೆದರೋರ ಹೆಸರು ಮುಚ್ಚಿಡಲೇಬೇಕು. ಒಳ್ಳೆ ವರದಿಗಾರರು ಹೆಸರು ಯಾಕೆ ಕೊಡ್ತಿಲ್ಲ, ಆ ವ್ಯಕ್ತಿಗೆ ಈ ವಿಷಯ ಗೊತ್ತಿರೋಕೆ ಹೇಗೆ ಸಾಧ್ಯ ಅಂತ ಒಂದು ಸಾಲಾದ್ರೂ ಬರೀತಾರೆ. ಅಧಿಕಾರದಲ್ಲಿರೋರೇ ತಮಗೆ ಅನುಕೂಲ ಆಗೋ ಮಾತನ್ನ ಹೆಸರಿಲ್ಲದೆ ಹೇಳಿಸ್ತಿದ್ರೆ ಅದು ಸುದ್ದಿ ಹೆಸರಲ್ಲಿ ಪ್ರಚಾರ.

ಎಲ್ಲಕ್ಕಿಂತ ಹಿಡಿಯೋಕೆ ಕಷ್ಟ ಆಗೋ ಬಯಾಸ್ ಅಂದ್ರೆ ಬರೀದೇ ಇರೋದು. ಬರೆದಿದ್ದನ್ನ ಓದಿ ತಪ್ಪು ಹುಡುಕಬಹುದು, ಬರೀದೇ ಇದ್ದಿದ್ದು ಕಣ್ಣಿಗೇ ಬೀಳಲ್ಲ. 1972ರಲ್ಲಿ ಮ್ಯಾಕ್ಸ್‌ವೆಲ್ ಮೆಕೋಂಬ್ಸ್, ಡೊನಾಲ್ಡ್ ಶಾ ಅನ್ನೋ ಇಬ್ಬರು ಸಂಶೋಧಕರು ಅಮೆರಿಕದ 1968ರ ಚುನಾವಣೆ ಮೇಲೆ ಮಾಡಿದ ಅಧ್ಯಯನ ಪ್ರಕಟಿಸಿದ್ರು, ಮಾಧ್ಯಮಗಳು ಯಾವ ವಿಷಯಕ್ಕೆ ಜಾಸ್ತಿ ಜಾಗ ಕೊಡ್ತವೋ ಮತದಾರರೂ ಅದನ್ನೇ ಮುಖ್ಯ ವಿಷಯ ಅಂದ್ಕೋತಾರೆ ಅಂತ ಅದರಲ್ಲಿ ಕಂಡುಬಂತು. ಇದನ್ನ ಹಿಡಿಯೋಕೆ ಇರೋ ದಾರಿ ಹೋಲಿಸೋದೇ. ಒಂದೇ ದಿನ ಮೂರು ಬೇರೆ ಬೇರೆ ಒಲವಿನ ಸೈಟ್‌ಗಳ ಮುಖಪುಟ ಪಕ್ಕಪಕ್ಕ ತೆಗೆದು ಒಂದರಲ್ಲಿ ಮೇಲಿರೋದು ಇನ್ನೊಂದರಲ್ಲಿ ಇದೆಯಾ, ಇದ್ರೆ ಎಷ್ಟು ಕೆಳಗಿದೆ ನೋಡಿ. ಹತ್ತು ನಿಮಿಷದ ಕೆಲಸ.

ಅಂಕಿ ಅಂಶದಲ್ಲೂ ಆಟ ಇರತ್ತೆ. "ಅಪರಾಧ ಶೇ 50 ಏರಿಕೆ" ಅಂತ ಬಂದ್ರೆ ಎಷ್ಟರಿಂದ ಎಷ್ಟಕ್ಕೆ ಅಂತ ಹುಡುಕಿ, 4 ಇದ್ದಿದ್ದು 6 ಆದ್ರೂ ಶೇ 50ನೇ. ಗ್ರಾಫ್ ಸೊನ್ನೆಯಿಂದ ಶುರುವಾಗಿದೆಯಾ ಅಂತಾನೂ ನೋಡಿ.

ಇಷ್ಟೆಲ್ಲ ಬೇರೆಯೋರ ಬಯಾಸ್. ನಮ್ಮದೂ ಇದೆ, ಮತ್ತೆ ಅದನ್ನ ಬಿಟ್ಟು ಲೆಕ್ಕ ಹಾಕಿದ್ರೆ ಎಲ್ಲ ತಪ್ಪತ್ತೆ. 1985ರಲ್ಲಿ ಸ್ಟ್ಯಾನ್‌ಫರ್ಡ್‌ನ ಸಂಶೋಧಕರು ಪ್ರಕಟಿಸಿದ ಒಂದು ಪ್ರಯೋಗದಲ್ಲಿ, 1982ರ ಬೈರೂತ್ ಹತ್ಯಾಕಾಂಡದ ಬಗ್ಗೆ ಬಂದಿದ್ದ ಅವೇ ಟಿವಿ ಸುದ್ದಿಗಳನ್ನ ಇಸ್ರೇಲ್ ಪರ ಇದ್ದೋರಿಗೂ ಅರಬ್ ಪರ ಇದ್ದೋರಿಗೂ ತೋರಿಸಿದ್ರು. ಎರಡೂ ಕಡೆಯೋರು ಈ ಸುದ್ದಿ ನಮ್ಮ ವಿರುದ್ಧ ಇದೆ ಅಂದ್ರು. ಹಾಗಾಗಿ ಸುದ್ದಿ ಓದಿ ಸಿಟ್ಟು ಬಂದ ಮಾತ್ರಕ್ಕೆ ಅದು ಬಯಾಸ್ ಅಂತ ಆಗಲ್ಲ, ಓದಿ ಖುಷಿ ಆಯ್ತು ಅಂದ ಮಾತ್ರಕ್ಕೆ ನಿಷ್ಪಕ್ಷಪಾತ ಅಂತಾನೂ ಆಗಲ್ಲ. ನಾನಂತೂ ಹೇಳೋದು, ನಿಮಗೆ ತುಂಬ ಇಷ್ಟ ಆದ ಸುದ್ದಿನೇ ಎರಡು ಸಲ ಚೆಕ್ ಮಾಡಿ, ಯಾಕಂದ್ರೆ ಅಲ್ಲೇ ನಾವು ಮೈಮರೆಯೋದು.

ಸರಿ, ಈಗ ಒಂದು ಹೊಸ ಸೈಟೋ ಚಾನೆಲ್ಲೋ ಸಿಕ್ತು. ನಂಬಬಹುದಾ ಅಂತ ನೋಡೋದು ಹೇಗೆ?

ಹೆಚ್ಚಿನ ಜನ ಅದೇ ಸೈಟ್‌ನ ಒಳಗೆ ಕೂತು ನೋಡ್ತಾರೆ. ಡಿಸೈನ್ ಚೆನ್ನಾಗಿದೆ, "ನಮ್ಮ ಬಗ್ಗೆ" ಪುಟ ಗಂಭೀರವಾಗಿದೆ, ಡಾಕ್ಟರ್‌ಗಳ ಹೆಸರಿದೆ, ಆಯ್ತು ನಂಬಬಹುದು ಅಂತ. ಸ್ಟ್ಯಾನ್‌ಫರ್ಡ್‌ನ ಸ್ಯಾಮ್ ವೈನ್‌ಬರ್ಗ್, ಸೇರಾ ಮೆಗ್ರೂ 2017ರಲ್ಲಿ ಇದನ್ನೇ ಪರೀಕ್ಷೆ ಮಾಡಿದ್ರು. 10 ಇತಿಹಾಸ ತಜ್ಞರು, 10 ಫ್ಯಾಕ್ಟ್ ಚೆಕರ್‌ಗಳು, 25 ಸ್ಟ್ಯಾನ್‌ಫರ್ಡ್ ವಿದ್ಯಾರ್ಥಿಗಳನ್ನ ಕೂರಿಸಿ ವೆಬ್‌ಸೈಟ್‌ಗಳನ್ನ ಅಳೆಯೋಕೆ ಹೇಳಿದ್ರು. ಅದರಲ್ಲಿ ಹೆಚ್ಚುಕಮ್ಮಿ ಒಂದೇ ಥರ ಹೆಸರಿರೋ ಎರಡು ಮಕ್ಕಳ ವೈದ್ಯರ ಸಂಘಗಳಿದ್ವು, ಒಂದು 1930ರಿಂದ ಇರೋ ಅಮೆರಿಕದ ದೊಡ್ಡ ಸಂಘ, ಇನ್ನೊಂದು 2002ರಲ್ಲಿ ಅದರಿಂದ ಒಡೆದು ಬಂದ ಸಣ್ಣ ಗುಂಪು. ಅಷ್ಟು ಓದಿರೋ ಇತಿಹಾಸ ತಜ್ಞರಲ್ಲೂ ಹಲವರು, ವಿದ್ಯಾರ್ಥಿಗಳಲ್ಲಿ ಹೆಚ್ಚಿನೋರು, ಎಡವಿದ್ರು. ಫ್ಯಾಕ್ಟ್ ಚೆಕರ್‌ಗಳು ಮಾಡಿದ್ದೇ ಬೇರೆ, ಸೈಟ್‌ನಲ್ಲಿ ಹೆಚ್ಚು ಹೊತ್ತು ನಿಲ್ಲದೆ ಹೊಸ ಟ್ಯಾಬ್ ತೆಗೆದು ಇವರ ಬಗ್ಗೆ ಬೇರೆಯೋರು ಏನು ಹೇಳ್ತಾರೆ ಅಂತ ಹುಡುಕಿದ್ರು, ಬೇಗ ಸರಿ ಉತ್ತರಕ್ಕೆ ಬಂದ್ರು. ಇದಕ್ಕೆ ಲ್ಯಾಟರಲ್ ರೀಡಿಂಗ್ ಅಂತಾರೆ.

ನೀವೂ ಹಾಗೇ ಮಾಡಿ. ಸೈಟ್ ಹೆಸರು ಹಾಕಿ ಜೊತೆಗೆ ಮಾಲೀಕರು, ಫಂಡಿಂಗ್, ಸುಳ್ಳು ಸುದ್ದಿ, ಕ್ಷಮೆ, ಕೋರ್ಟ್ ಅಂತ ಒಂದೊಂದೇ ಪದ ಸೇರಿಸಿ ಹುಡುಕಿ. ವಿಕಿಪೀಡಿಯಾದಲ್ಲಿ ಪುಟ ಇದ್ರೆ ಓದಿ, ಅಲ್ಲಿ ಹೇಳಿರೋದನ್ನ ಹಾಗೇ ನಂಬೋಕಲ್ಲ, ಕೆಳಗೆ ಕೊಟ್ಟಿರೋ ಆಧಾರಗಳಿಂದ ಬೇರೆ ಕಡೆ ಹೋಗೋಕೆ. ಮೊದಲು ಬೇರೆ ಥರ ಬರೆದಿದ್ದು ಆಮೇಲೆ ಸದ್ದಿಲ್ಲದೆ ತಿದ್ದಿದಾರೆ ಅನ್ನೋ ಅನುಮಾನ ಬಂದ್ರೆ ಇಂಟರ್ನೆಟ್ ಆರ್ಕೈವ್‌ನ ವೇಬ್ಯಾಕ್ ಮಷಿನ್‌ಗೆ ಆ ಲಿಂಕ್ ಹಾಕಿ, ಹಳೇ ಪ್ರತಿ ಉಳಿಸಿದ್ರೆ ದಿನಾಂಕದ ಸಮೇತ ಸಿಗತ್ತೆ. ಫೋಟೋ ಮೇಲೆ ಅನುಮಾನ ಇದ್ರೆ, ಅದೇ ಫೋಟೋ ಮೊದಲು ಎಲ್ಲೆಲ್ಲಿ ಬಂದಿತ್ತು ಅಂತ ಹುಡುಕಿಕೊಡೋ ಗೂಗಲ್ ಲೆನ್ಸ್ ಅಥವಾ ಟಿನ್‌ಐಗೆ ಹಾಕಿ, ಇವತ್ತಿನದು ಅಂತ ಹಾಕಿರೋ ಫೋಟೋ ಎಷ್ಟೋ ವರ್ಷ ಹಿಂದೆ ಬೇರೆ ದೇಶದ್ದು ಅಂತ ಗೊತ್ತಾಗೋದು ತುಂಬ ಸಾಮಾನ್ಯ. ವಿಡಿಯೋ ಆದ್ರೆ ಒಂದು ಸ್ಪಷ್ಟ ಫ್ರೇಮ್‌ನಲ್ಲಿ ನಿಲ್ಲಿಸಿ ಸ್ಕ್ರೀನ್‌ಶಾಟ್ ತೆಗೆದು ಅದನ್ನೇ ಹುಡುಕಿ.

ದುಡ್ಡು ಎಲ್ಲಿಂದ ಬರತ್ತೆ ಅನ್ನೋದನ್ನ ನೋಡ್ಲೇಬೇಕು, ಆದ್ರೆ ಇದನ್ನ ಜನ ತುಂಬ ಸರಳ ಮಾಡ್ಕೋತಾರೆ, ದುಡ್ಡು ತಗೊಂಡ್ರೆ ಮಾರ್ಕೊಂಡ್ರು ಅಂತ. ದುಡ್ಡಿಲ್ಲದೆ ಯಾವ ಸುದ್ದಿನೂ ಬರಲ್ಲ. ದುಡ್ಡಿನ ಮೂಲ ಹೇಳೋದು ಏನು ಅಂದ್ರೆ, ಯಾವ ವಿಷಯದಲ್ಲಿ ಇವರನ್ನ ಹುಷಾರಾಗಿ ಓದಬೇಕು ಅಂತ. ಅಲ್ ಜಜೀರಾ 1996ರಲ್ಲಿ ಕತಾರ್ ಸರ್ಕಾರದ ದುಡ್ಡಿಂದ ಶುರುವಾಗಿದ್ದು, ಬೇರೆ ದೇಶಗಳ ಬಗ್ಗೆ ಅವರ ಎಷ್ಟೋ ವರದಿ ಗಟ್ಟಿಯಾಗಿರತ್ತೆ, ಕತಾರ್ ಬಗ್ಗೆ ಮಾತ್ರ ಅವರೊಬ್ಬರನ್ನೇ ನಂಬ್ಕೊಂಡು ಕೂರಬಾರದು. ಬಿಬಿಸಿಗೆ ಬ್ರಿಟನ್ ಜನ ಕಟ್ಟೋ ಲೈಸೆನ್ಸ್ ಫೀ ಮುಖ್ಯ ಆದಾಯ, ಸರ್ಕಾರದ ಜೊತೆ ಸಂಬಂಧ ಇದೆ ಆದ್ರೆ ಸಂಪಾದಕೀಯ ಸರ್ಕಾರದ ಕೈಯಲ್ಲಿಲ್ಲ, ರಷ್ಯಾದ ಆರ್‌ಟಿ ಸರ್ಕಾರದ ದುಡ್ಡಲ್ಲೇ ನಡೆದು ಸರ್ಕಾರದ ಮಾತನ್ನೇ ಹೇಳತ್ತೆ. ಎರಡನ್ನೂ "ಸರ್ಕಾರಿ ಚಾನೆಲ್" ಅಂತ ಒಂದೇ ಮೂಟೆಗೆ ಹಾಕಿದ್ರೆ ಏನೂ ಅರ್ಥ ಆಗಲ್ಲ. ಕೇಳಬೇಕಾಗಿರೋದು, ದುಡ್ಡು ಕೊಡೋರ ವಿರುದ್ಧ ಇವರು ಯಾವತ್ತಾದ್ರೂ ಬರೆದಿದಾರಾ? ಹುಡುಕಿ ನೋಡಿ, ಒಂದಾದ್ರೂ ಗಟ್ಟಿ ವರದಿ ಸಿಕ್ಕಿದ್ರೆ ಅದು ದೊಡ್ಡ ಸೂಚನೆ.

ಇನ್ನು ತಪ್ಪು. ಎಲ್ಲರೂ ತಪ್ಪು ಮಾಡ್ತಾರೆ, ಆಮೇಲೆ ಏನು ಮಾಡ್ತಾರೆ ಅನ್ನೋದು ಮುಖ್ಯ. ಜರ್ಮನಿಯ ಡೇರ್ ಶ್ಪೀಗಲ್‌ನಲ್ಲಿ ಪ್ರಶಸ್ತಿಗಳನ್ನ ಗೆದ್ದಿದ್ದ ಒಬ್ಬ ವರದಿಗಾರ ವರ್ಷಗಟ್ಟಲೆ ಕಥೆ ಕಟ್ಟಿ ಬರೆದಿದ್ದ, ಜೊತೆಗೆ ಕೆಲಸ ಮಾಡ್ತಿದ್ದ ಇನ್ನೊಬ್ಬ ವರದಿಗಾರನೇ ಅದನ್ನ ಬಯಲಿಗೆಳೆದ, 2018ರ ಡಿಸೆಂಬರ್‌ನಲ್ಲಿ ಪತ್ರಿಕೆ ತಾನೇ ಆ ವಿಷಯನ ಓದುಗರ ಮುಂದೆ ಇಟ್ತು. ಆ ಪತ್ರಿಕೆಗೆ ಅದು ದೊಡ್ಡ ಅವಮಾನನೇ, ಆದ್ರೂ ಮುಚ್ಚಿಡಲಿಲ್ಲ. ನೀವು ನೋಡ್ತಿರೋ ಸೈಟ್‌ನಲ್ಲಿ ತಿದ್ದುಪಡಿ ಅಂತ ಒಂದು ಪುಟ ಇದೆಯಾ? ಲೇಖನದ ಕೆಳಗೆ "ಮೊದಲು ಹೀಗೆ ಬರೆದಿದ್ವಿ, ತಪ್ಪಾಗಿತ್ತು" ಅಂತ ಹಾಕ್ತಾರಾ? ಒಂದೂ ತಿದ್ದುಪಡಿ ಇಲ್ಲ ಅಂದ್ರೆ ತಪ್ಪೇ ಮಾಡಿಲ್ಲ ಅಂತ ಅಲ್ಲ, ಒಪ್ಕೊಂಡಿಲ್ಲ ಅಂತ ಅರ್ಥ.

ಪರ್ಯಾಯ ಮೂಲ ಎಲ್ಲಿ ಹುಡುಕೋದು ಅಂದ್ರೆ, ನನ್ನ ಪ್ರಕಾರ ಮೊದಲು ಸುದ್ದಿ ಸಂಸ್ಥೆಗಳಿಗೆ, ಅಂದ್ರೆ ಪತ್ರಿಕೆ ಚಾನೆಲ್‌ಗಳಿಗೆ ಸುದ್ದಿ ಮಾರೋ ಏಜೆನ್ಸಿಗಳಿಗೆ ಹೋಗಿ. 1846ರಲ್ಲಿ ಶುರುವಾದ ಎಪಿ, 1851ರ ರಾಯ್ಟರ್ಸ್, ಫ್ರಾನ್ಸ್‌ನ ಎಎಫ್‌ಪಿ. ನೀವು ಓದೋ ಎಷ್ಟೋ ಅಂತರರಾಷ್ಟ್ರೀಯ ಸುದ್ದಿ ಇವರದ್ದೇ, ಬೇರೆ ಬೇರೆ ಒಲವಿನ ಪತ್ರಿಕೆಗಳಿಗೆ ಮಾರಬೇಕಲ್ಲ, ಹಾಗಾಗಿ ಬಣ್ಣ ಕಮ್ಮಿ ಇರತ್ತೆ. ಪೂರ್ತಿ ಇರಲ್ಲ ಅಂತ ಹೇಳ್ತಿಲ್ಲ. ಇದನ್ನ ತಿಳ್ಕೊಂಡ್ರೆ ಇನ್ನೊಂದು ಉಪಯೋಗ ಇದೆ, "ಹತ್ತು ಕಡೆ ಬಂದಿದೆ ಹಾಗಾಗಿ ನಿಜ" ಅನ್ನೋ ಮಾತು ಬಂದಾಗ ಹತ್ತೂ ಲೇಖನದಲ್ಲಿ ಹೆಸರಿನ ಜಾಗದಲ್ಲಿ ಏನಿದೆ ನೋಡಿ, ಎಲ್ಲ ಕಡೆ ಒಂದೇ ಏಜೆನ್ಸಿ ಹೆಸರಿದ್ರೆ ಅದು ಹತ್ತು ಮೂಲ ಅಲ್ಲ, ಒಂದು ಮೂಲ.

ಆಮೇಲೆ ದಾಖಲೆ ಇಟ್ಟು ಕೆಲಸ ಮಾಡೋರು. ಲಾಭಕ್ಕಲ್ಲದೆ ದೇಣಿಗೆಯಿಂದ ನಡೆಯೋ ಪ್ರೋಪಬ್ಲಿಕಾ, ವಿದೇಶಗಳಲ್ಲಿ ಗುಟ್ಟಾಗಿ ತೆರೆದ ಕಂಪನಿಗಳ ಬಗ್ಗೆ ಇರೋ 1.15 ಕೋಟಿ ಕಡತಗಳ ಪನಾಮಾ ಪೇಪರ್ಸ್ 2016ರಲ್ಲಿ ಹೊರಗೆ ತಂದ ತನಿಖಾ ಪತ್ರಕರ್ತರ ಒಕ್ಕೂಟ ಐಸಿಐಜೆ. ಐಸಿಐಜೆಯೋರು ಆ ಕಂಪನಿಗಳ ಮಾಹಿತಿನ ಯಾರು ಬೇಕಾದ್ರೂ ಹೆಸರು ಹಾಕಿ ಹುಡುಕೋ ಹಾಗೆ ಆನ್‌ಲೈನ್‌ನಲ್ಲಿ ಇಟ್ಟಿದಾರೆ. ಇಂಥದ್ದರಲ್ಲಿ ನನಗೆ ತುಂಬ ಗೌರವ ಇರೋದು 2014ರಲ್ಲಿ ಶುರುವಾದ ಬೆಲಿಂಗ್‌ಕ್ಯಾಟ್ ಅನ್ನೋ ತನಿಖಾ ಗುಂಪು ಮಾಡಿದ ಕೆಲಸದ ಮೇಲೆ. ಆ ವರ್ಷ ಜುಲೈ 17ಕ್ಕೆ ಪೂರ್ವ ಉಕ್ರೇನ್ ಮೇಲೆ ಮಲೇಷ್ಯಾದ ಎಂಎಚ್17 ವಿಮಾನ ಹೊಡೆದುರುಳಿಸಿದ್ರು, 298 ಜನ ಸತ್ತರು. ರಷ್ಯಾ ಒಂದು ಹೇಳ್ತು, ಉಕ್ರೇನ್ ಒಂದು ಹೇಳ್ತು. ಬೆಲಿಂಗ್‌ಕ್ಯಾಟ್‌ನೋರು, ಜನ ಸೋಷಿಯಲ್ ಮೀಡಿಯಾದಲ್ಲಿ ಹಾಕಿದ್ದ ಫೋಟೋ ವಿಡಿಯೋಗಳನ್ನ ತಗೊಂಡು, ಅದರಲ್ಲಿ ಕಾಣೋ ಕಟ್ಟಡ ರಸ್ತೆಗಳನ್ನ ಉಪಗ್ರಹ ಚಿತ್ರದ ಜೊತೆ ಹೊಂದಿಸಿ, ಬುಕ್ ಅನ್ನೋ ಕ್ಷಿಪಣಿ ವಾಹನ ಯಾವ ದಾರಿಲಿ ಬಂತು, ರಷ್ಯಾದ ಯಾವ ಸೇನಾ ತುಕಡಿದು ಅಂತ ಒಂದೊಂದೇ ಹೆಜ್ಜೆ ಬಿಡಿಸಿ ತೋರಿಸಿದ್ರು. ಓದೋರು ತಾವೇ ಮ್ಯಾಪ್ ತೆಗೆದು ಪಕ್ಕದಲ್ಲಿಟ್ಟು ಚೆಕ್ ಮಾಡಬಹುದಿತ್ತು. 2018ರಲ್ಲಿ ನೆದರ್ಲೆಂಡ್ಸ್ ನೇತೃತ್ವದ ಜಂಟಿ ತನಿಖಾ ತಂಡನೂ ಅದೇ ರಷ್ಯನ್ ತುಕಡಿ ಹೆಸರು ಹೇಳ್ತು, 2022ರ ನವೆಂಬರ್‌ನಲ್ಲಿ ಡಚ್ ಕೋರ್ಟ್ ಮೂವರಿಗೆ ಜೀವಾವಧಿ ಶಿಕ್ಷೆ ಕೊಡ್ತು. ನಮ್ಮನ್ನ ನಂಬಿ ಅನ್ನೋರು ಬೇರೆ, ಬನ್ನಿ ನೀವೇ ನೋಡಿ ಅನ್ನೋರು ಬೇರೆ, ಹುಡುಕಬೇಕಾಗಿರೋದು ಎರಡನೇ ಥರದೋರನ್ನ.

ಫ್ಯಾಕ್ಟ್ ಚೆಕ್ ಸೈಟ್‌ಗಳಿಗೆ ಐಎಫ್‌ಸಿಎನ್ ಅನ್ನೋ ಅಂತರರಾಷ್ಟ್ರೀಯ ಜಾಲ ಇದೆ, 2015ರಿಂದ. ದುಡ್ಡಿನ ಮೂಲ, ವಿಧಾನ, ತಿದ್ದುಪಡಿ ಎಲ್ಲ ಬಹಿರಂಗ ಮಾಡಬೇಕು ಅನ್ನೋ ಅವರ ನಿಯಮಕ್ಕೆ ಸಹಿ ಹಾಕಿರೋರ ಪಟ್ಟಿ ಅವರ ಸೈಟ್‌ನಲ್ಲೇ ಸಿಗತ್ತೆ, ನಿಮ್ಮ ಭಾಷೆಲಿ ಯಾರಿದಾರೆ ಅಂತ ಅಲ್ಲಿ ನೋಡ್ಕೊಳ್ಳಿ. ಆಲ್‌ಸೈಡ್ಸ್ ಥರ ಬಯಾಸ್ ರೇಟಿಂಗ್ ಕೊಡೋ ಸೈಟ್‌ಗಳೂ ಇವೆ, ಶುರುವಿಗೆ ಪರವಾಗಿಲ್ಲ, ಆದ್ರೆ ಅದೆಲ್ಲ ಅಮೆರಿಕದ ಎಡ ಬಲದ ಅಳತೆ, ಬೇರೆ ದೇಶದ ರಾಜಕೀಯಕ್ಕೆ ಹಾಗೇ ಹೊಂದಲ್ಲ, ಮತ್ತೆ ಮಧ್ಯದಲ್ಲಿ ನಿಂತೋರು ಸತ್ಯ ಹೇಳ್ತಾರೆ ಅನ್ನೋ ಗ್ಯಾರಂಟಿನೂ ಇಲ್ಲ. ಮಳೆ ಬಂತು ಅಂತ ಒಬ್ಬ, ಬರಲಿಲ್ಲ ಅಂತ ಇನ್ನೊಬ್ಬ ಹೇಳಿದ್ರೆ ಅರ್ಧ ಮಳೆ ಬಂತು ಅಂತ ಬರೆಯೋದು ನಿಷ್ಪಕ್ಷಪಾತ ಅಲ್ಲ, ಹೊರಗೆ ಹೋಗಿ ನೋಡಬೇಕು.

ದೂರ ಇರಬೇಕಾದೋರನ್ನ ಗುರುತು ಹಿಡಿಯೋದು ಅಷ್ಟೇನೂ ಕಷ್ಟ ಇಲ್ಲ. "ಯಾವ ಮಾಧ್ಯಮವೂ ತೋರಿಸದ ಸತ್ಯ" ಅಂತ ದಿನಾ ಹೇಳೋರು, ಬರೆದೋರ ಹೆಸರು ಸಂಸ್ಥೆಯ ವಿಳಾಸ ಇಲ್ಲದೋರು, ಪ್ರತಿ ಸುದ್ದಿಲೂ ಅದೇ ಒಬ್ಬ ಖಳನಾಯಕ ಇರೋರು, ಹೆದರಿಕೆ ಹುಟ್ಟಿಸಿ ಕೆಳಗೆ ಔಷಧಿಯೋ ಹೂಡಿಕೆ ಸ್ಕೀಮೋ ಮಾರೋರು, ಚೆಕ್ ಮಾಡಿ ಅಂದ್ರೆ ನೀನು ಯಾವ ಕಡೆಯೋನು ಅಂತ ಕೇಳೋರು. ಒಬ್ಬನೇ ಕ್ಯಾಮೆರಾ ಮುಂದೆ ಕೂತು ಬೇರೆಯೋರ ವರದಿ ಓದಿ ಅಭಿಪ್ರಾಯ ಹೇಳೋ ಚಾನೆಲ್‌ಗಳನ್ನ ನೋಡಬೇಡಿ ಅನ್ನಲ್ಲ, ಕೆಲವರು ಚೆನ್ನಾಗೂ ವಿವರಿಸ್ತಾರೆ, ಆದ್ರೆ ಅವರು ಸುದ್ದಿ ಮೂಲ ಅಲ್ಲ, ಯಾವ ವರದಿ ಓದ್ತಿದಾರೋ ಅದು ಮೂಲ, ಅದನ್ನ ಹೋಗಿ ಓದಿ.

ಶುರು ಮಾಡೋರು ತುಂಬ ಜಾಸ್ತಿ ಇಟ್ಕೋಬೇಡಿ, ಸಾಕಾಗಿ ಬಿಟ್ಟುಬಿಡ್ತೀರ. ಒಂದು ಸುದ್ದಿ ಸಂಸ್ಥೆ, ಒಲವು ಬೇರೆ ಬೇರೆ ಇರೋ ಎರಡು ಪತ್ರಿಕೆ, ಅದರಲ್ಲೊಂದು ನಿಮಗೆ ಒಪ್ಪಿಗೆ ಇಲ್ಲದ ಕಡೆಯದಾದ್ರೂ ಕೆಲಸ ಸರಿಯಾಗಿ ಮಾಡೋದು, ಒಂದು ಫ್ಯಾಕ್ಟ್ ಚೆಕ್ ಸೈಟ್, ನಿಮಗೆ ಆಸಕ್ತಿ ಇರೋ ವಿಷಯಕ್ಕೆ ಆ ವಿಷಯನೇ ವರ್ಷಾನುಗಟ್ಟಲೆ ಬರೆಯೋ ಒಬ್ಬರೋ ಇಬ್ಬರೋ. ಇವನ್ನ ಆರ್‌ಎಸ್‌ಎಸ್ ಫೀಡ್ ಆ್ಯಪ್‌ಗೋ (ನೀವು ಆರಿಸಿದ ಸೈಟ್‌ಗಳ ಹೊಸ ಲೇಖನಗಳನ್ನ ಒಂದೇ ಕಡೆ ತೋರಿಸೋ ಆ್ಯಪ್, ಸಂಘಕ್ಕೂ ಇದಕ್ಕೂ ಸಂಬಂಧ ಇಲ್ಲ) ನ್ಯೂಸ್‌ಲೆಟರ್‌ಗೋ ಹಾಕ್ಕೊಂಡ್ರೆ ಏನು ಓದಬೇಕು ಅಂತ ನೀವು ನಿರ್ಧಾರ ಮಾಡ್ತೀರ, ಇಲ್ಲಾಂದ್ರೆ ಅಲ್ಗಾರಿದಂ ಮಾಡತ್ತೆ. ದೊಡ್ಡ ಘಟನೆ ಆದಾಗ ಮೊದಲ ಕೆಲವು ಗಂಟೆ ಏನನ್ನೂ ಫಾರ್ವರ್ಡ್ ಮಾಡಬೇಡಿ, ಸತ್ತೋರ ಸಂಖ್ಯೆ, ಮಾಡಿದೋರ ಹೆಸರು, ಕಾರಣ ಮೂರೂ ಬದಲಾಗೋ ಸಾಧ್ಯತೆ ಜಾಸ್ತಿ. 2006ರಿಂದ 2017ರವರೆಗಿನ ಟ್ವಿಟರ್ ಡೇಟಾ ತಗೊಂಡು ಎಂಐಟಿ ಸಂಶೋಧಕರು 2018ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಸುಳ್ಳು ಸುದ್ದಿ ರೀಟ್ವೀಟ್ ಆಗೋ ಸಾಧ್ಯತೆ ನಿಜ ಸುದ್ದಿಗಿಂತ ಶೇ 70ರಷ್ಟು ಜಾಸ್ತಿ ಅಂತ ಬಂತು, ಮತ್ತೆ ಅದಕ್ಕೆ ಕಾರಣ ತಾನಾಗೇ ಪೋಸ್ಟ್ ಹಾಕೋ ಬಾಟ್ ಪ್ರೋಗ್ರಾಂಗಳಿಗಿಂತ ಹೆಚ್ಚಾಗಿ ಮನುಷ್ಯರೇ.

ನಿಮ್ಮ ಪಟ್ಟಿಲಿರೋ ಮೂಲಗಳನ್ನ ಆಗಾಗ ಪರೀಕ್ಷೆ ಮಾಡ್ತಾ ಇರಿ. ನಿಮಗೆ ಕೆಲಸದಿಂದಲೋ ಓದಿಂದಲೋ ಚೆನ್ನಾಗಿ ಗೊತ್ತಿರೋ ಒಂದು ವಿಷಯದ ಬಗ್ಗೆ ಅವರು ಏನು ಬರೆದಿದಾರೆ ಅಂತ ತೆಗೆದು ಓದಿ, ಅಲ್ಲಿ ಎಷ್ಟು ತಪ್ಪಿದಾರೆ ಅನ್ನೋದು ನಿಮಗೆ ಗೊತ್ತಿಲ್ಲದ ವಿಷಯದಲ್ಲಿ ಎಷ್ಟು ನಂಬಬಹುದು ಅನ್ನೋದಕ್ಕೆ ಒಳ್ಳೆ ಅಳತೆ. ಇಲ್ಲಾಂದ್ರೆ ಒಂದೆರಡು ವರ್ಷ ಹಳೇದೊಂದು ದೊಡ್ಡ ಸುದ್ದಿ ಆರಿಸ್ಕೊಳ್ಳಿ, ಆಮೇಲೆ ಕೋರ್ಟ್ ತೀರ್ಪೋ ತನಿಖಾ ವರದಿಯೋ ಬಂದು ಸತ್ಯ ಗೊತ್ತಾಗಿರೋ ಅಂಥದ್ದು, ಆಗ ಮೊದಲ ವಾರದಲ್ಲಿ ಇವರು ಏನು ಬರೆದಿದ್ರು, ಏನು ಗೊತ್ತಿಲ್ಲ ಅಂತ ಹೇಳಿದ್ರು, ಸತ್ಯ ಬಂದ ಮೇಲೆ ಅದಕ್ಕೂ ಮೊದಲಿನಷ್ಟೇ ಜಾಗ ಕೊಟ್ರಾ ಅಂತ ನೋಡಿ, ಅದರ ಮೇಲೆ ಯಾರನ್ನ ಇಟ್ಕೋಬೇಕು ಯಾರನ್ನ ಬಿಡಬೇಕು ಅಂತ ನೀವೇ ನಿರ್ಧಾರ ಮಾಡಿ.